ಅಂಧೇರಿಯ ಹಿತ್ತಲಲ್ಲಿ 880 ಚದರ ಅಡಿ

ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನ ಉದ್ದ 44 ಅಡಿ, ಅಗಲ 20 ಅಡಿ. ಗುಣಿಸಿದರೆ 880 ಚದರ ಅಡಿ. ಊರಿನಲ್ಲಿ ಯಾರೂ ಈ ಗುಣಾಕಾರ ಮಾಡುವುದಿಲ್ಲ. ಅಂಧೇರಿಯಲ್ಲಿ ಮಾತ್ರ ಈ ಸಂಖ್ಯೆ ಹೇಳಿದ ಕೂಡಲೇ ಎದುರಿಗಿರುವವರ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತದೆ. ಅಷ್ಟು ಕಾರ್ಪೆಟ್ ಏರಿಯಾ ಇದ್ದರೆ ಎರಡು ಬೆಡ್‌ರೂಮಿನ ಒಳ್ಳೆಯ ಮನೆ. ಸಾಲಾಗಿ ನಿಲ್ಲಿಸಿದರೆ ಐದು ಕಾರು. ನಮ್ಮ ಸೊಸೈಟಿಯ ಹಿತ್ತಲಿನಲ್ಲಿ ಮಕ್ಕಳಿಗೆ ಒಂದು ಕೋರ್ಟ್ ಹಾಕೋಣ ಎಂಬ ಮಾತು ವಾರ್ಷಿಕ ಸಭೆಯಲ್ಲಿ ಬಂದಾಗ ಎದ್ದ ಮೊದಲ ಪ್ರಶ್ನೆಯೂ ಇದೇ: ‘ಐದು ಕಾರಿನ ಜಾಗದಲ್ಲಿ ನಾಲ್ಕು ಜನ ಆಡುವುದಾ?’

ನಮ್ಮದು ಅಂಧೇರಿ ಪೂರ್ವದಲ್ಲಿರುವ, ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಕಟ್ಟಡ. 1996ರಲ್ಲಿ ಕಟ್ಟಿದ್ದು, 32 ಮನೆ. ಕಟ್ಟಡದ ಹಿಂಭಾಗಕ್ಕೂ ಕಾಂಪೌಂಡ್ ಗೋಡೆಗೂ ನಡುವೆ 58 ಅಡಿ ಉದ್ದ, 27 ಅಡಿ ಅಗಲದ ಒಂದು ಪಟ್ಟಿ ಜಾಗ ಇದೆ. ಅಲ್ಲಿ ಒಂದು ಮೂಲೆಗೆ ಮಾವಿನ ಮರ, ಇನ್ನೊಂದು ಮೂಲೆಗೆ ಪಂಪ್ ರೂಮ್, ಅದಕ್ಕೆ ಅಂಟಿಕೊಂಡಂತೆ ವಾಚ್‌ಮನ್ ಕುಟುಂಬದ ಕೋಣೆ. ನಡುವೆ ಒಡೆದ ಶಹಾಬಾದ್ ಕಲ್ಲಿನ ಹಾಸು, ಯಾರದೆಂದು ಯಾರೂ ಒಪ್ಪಿಕೊಳ್ಳದ ಎರಡು ಹಳೆಯ ಸ್ಕೂಟರ್. ಅಮೆರಿಕದಲ್ಲಿರುವ ನನ್ನ ಸಹಪಾಠಿಗಳು ‘ಬ್ಯಾಕ್‌ಯಾರ್ಡ್’ನಲ್ಲಿ ಕೋರ್ಟ್ ಹಾಕಿಸಿದ ಫೋಟೊ ಕಳಿಸುತ್ತಿರುತ್ತಾರೆ. ಒಂದು ಮನೆ, ಅದರ ಹಿಂದೆ ಒಂದು ಕೋರ್ಟ್. ನಮ್ಮದು 32 ಮನೆಗಳಿಗೆ ಸೇರಿ ಒಂದು ಹಿತ್ತಲು. ವ್ಯತ್ಯಾಸ ಇರುವುದು ಅಲ್ಲಿಯೇ. ಕಾಂಕ್ರೀಟ್, ಬಣ್ಣ, ನೆಟ್ ಎಲ್ಲ ಕಡೆಯೂ ಒಂದೇ.

ಮಕ್ಕಳು ಆಡುವುದಿಲ್ಲ, ಮೊಬೈಲ್ ಹಿಡಿದು ಕೂರುತ್ತಾರೆ ಎಂದು ದೂರುವವರು ಅಂಧೇರಿಯಲ್ಲಿ ಒಂದು ಸಂಜೆ ಮಗುವನ್ನು ಆಡಲು ಕರೆದುಕೊಂಡು ಹೋಗಿ ನೋಡಬೇಕು. ದೊಡ್ಡ ಕ್ರೀಡಾ ಸಂಕೀರ್ಣ ಇರುವುದು ಪಶ್ಚಿಮದಲ್ಲಿ. ಪೂರ್ವ–ಪಶ್ಚಿಮಗಳನ್ನು ಜೋಡಿಸುತ್ತಿದ್ದ ಗೋಖಲೆ ಸೇತುವೆಯನ್ನು 2022ರ ನವೆಂಬರಿನಲ್ಲಿ ಮರುನಿರ್ಮಾಣಕ್ಕಾಗಿ ಮುಚ್ಚಿದರು. 2024ರ ಫೆಬ್ರುವರಿಯಲ್ಲಿ ಅದರ ಒಂದು ಬದಿ ತೆರೆದಾಗ, ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಅದಕ್ಕೂ ಎತ್ತರ ಕೂಡದೆ ನಡುವೆ ಅಂತರ ಉಳಿದದ್ದು ಇಡೀ ದೇಶಕ್ಕೇ ನಗೆಯ ವಿಷಯವಾಯಿತು. ಆ ಕಾಲದಲ್ಲಿ ಒಂದು ಗಂಟೆಯ ಆಟಕ್ಕೆ ಹೋಗಿ ಬರಲು ಒಂದೂವರೆ ಗಂಟೆ ಬೇಕಿತ್ತು. ಹತ್ತಿರದಲ್ಲಿರುವುದು ಗಂಟೆಗೆ ಇಷ್ಟು ಎಂದು ಬಾಡಿಗೆ ಹೇಳುವ, ಬಲೆ ಕಟ್ಟಿದ ಟರ್ಫ್‌ಗಳು. ಸಂಜೆ ಏಳರಿಂದ ಹನ್ನೊಂದರವರೆಗೆ ಆಫೀಸಿನ ತಂಡಗಳು ಅವನ್ನು ಮೊದಲೇ ಬುಕ್ ಮಾಡಿರುತ್ತವೆ. ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಿ ‘ಹತ್ತು ನಿಮಿಷ ಶಟಲ್ ಹೊಡೆಯುತ್ತೇವೆ’ ಎಂದರೆ ಅಲ್ಲಿ ಕೇಳುವವರಿಲ್ಲ.

ಇನ್ನು ಆ ಐದು ಕಾರಿನ ವಾದ. ಇದಕ್ಕೆ ಉತ್ತರ ಸಿಕ್ಕಿದ್ದು ಸೊಸೈಟಿಯ ಹಳೆಯ ಟ್ರಂಕಿನಲ್ಲಿ. ಮಹಾನಗರಪಾಲಿಕೆ ಅನುಮೋದಿಸಿದ ನಕ್ಷೆಯ ನೀಲಿ ಪ್ರತಿ, ಮಡಿಕೆಗಳಲ್ಲಿ ಹರಿದದ್ದು, ಅದರಲ್ಲಿತ್ತು. ಹಿತ್ತಲಿನ ಪಟ್ಟಿಯ ಮೇಲೂ ಮುಂದಿನ ಸಣ್ಣ ತೋಟದ ಮೇಲೂ ‘ಆರ್.ಜಿ.’ ಎಂದು ಬರೆದಿತ್ತು. ರಿಕ್ರಿಯೇಶನ್ ಗ್ರೌಂಡ್ ಎಂದರ್ಥ. ಮುಂಬೈಯ ಅಭಿವೃದ್ಧಿ ನಿಯಂತ್ರಣ ನಿಯಮಗಳ ಪ್ರಕಾರ 1001ರಿಂದ 2500 ಚದರ ಮೀಟರಿನ ಪ್ಲಾಟಿನಲ್ಲಿ ನೂರಕ್ಕೆ 15 ಭಾಗವನ್ನು ಹೀಗೆ ಬಯಲಾಗಿ ಬಿಡಬೇಕು. 2501ರಿಂದ 10,000ದವರೆಗೆ 20 ಭಾಗ, ಅದಕ್ಕೂ ದೊಡ್ಡದಾದರೆ 25. ನಮ್ಮ ಪ್ಲಾಟ್ ಸುಮಾರು 1400 ಚದರ ಮೀಟರ್, ಹಾಗಾಗಿ ಬಿಡಬೇಕಾದದ್ದು 210. ಆಟಕ್ಕೆ, ವಿಹಾರಕ್ಕೆ ಎಂದು ಬಿಟ್ಟ ಆ ಜಾಗ ಕಾರು ನಿಲ್ಲಿಸುವುದಕ್ಕಲ್ಲ. ಮುಂಬೈಯಲ್ಲಿ ಸೊಸೈಟಿ ಮನೆಯಲ್ಲಿರುವ ಕನ್ನಡಿಗರಿಗೆಲ್ಲ ನಾನು ಹೇಳುವ ಮೊದಲ ಕೆಲಸ ಇದು: ಕೊಟೇಶನ್ ಕೇಳುವ ಮೊದಲು ಅನುಮೋದಿತ ನಕ್ಷೆ ಹುಡುಕಿ. ನಮ್ಮಲ್ಲಿ 28 ವರ್ಷ ಯಾರೂ ಅದನ್ನು ಬಿಚ್ಚಿ ನೋಡಿರಲಿಲ್ಲ.

ನಕ್ಷೆ ಒಂದು ವಾದವನ್ನು ಮುಗಿಸಿತು, ಇನ್ನೊಂದನ್ನು ಎಬ್ಬಿಸಿತು. ಕಟ್ಟಡಕ್ಕೆ 30 ವರ್ಷ ತುಂಬಿದರೆ ಸೊಸೈಟಿಗಳ ಪುನರ್‌ನಿರ್ಮಾಣಕ್ಕೆ ಹೆಚ್ಚುವರಿ ನಿರ್ಮಾಣದ ಅವಕಾಶ ಸಿಗುತ್ತದೆ. 2019ರ ಜುಲೈಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಶೇ 51ರಷ್ಟು ಸದಸ್ಯರು ಒಪ್ಪಿದರೆ ಸಾಕು. ಅಂಧೇರಿಯ ಪ್ರತಿ ಗಲ್ಲಿಯಲ್ಲೂ ಹಸಿರು ಬಲೆ ಹೊದ್ದ ಒಂದಾದರೂ ಕಟ್ಟಡ ಇದೆ. ‘ಮೂರು–ನಾಲ್ಕು ವರ್ಷದಲ್ಲಿ ಬಿಲ್ಡರ್ ಬಂದು ಒಡೆಯುತ್ತಾನೆ. ಅಷ್ಟಕ್ಕೆ ನಾಲ್ಕೂವರೆ ಲಕ್ಷ ಯಾಕೆ ಸುರಿಯುವುದು?’ ಎಂದು ಮೂರನೇ ಮಹಡಿಯವರೊಬ್ಬರು ಕೇಳಿದರು. ಲೆಕ್ಕಪರಿಶೋಧಕರು ಅವರು, ಸವಕಳಿಯ ಭಾಷೆಯಲ್ಲೇ ಮಾತಾಡುತ್ತಾರೆ. ಪ್ರಶ್ನೆ ಸರಿಯಾದದ್ದೇ. ಬಂದಿದ್ದ ಮೂರು ಕೊಟೇಶನ್‌ಗಳಲ್ಲಿ ದೊಡ್ಡದು ಅಷ್ಟು ಹೇಳಿತ್ತು: ಕಾಂಕ್ರೀಟ್ ತಳ, ಅದರ ಮೇಲೆ ಪದರ ಪದರವಾಗಿ ಅಕ್ರಿಲಿಕ್ ಲೇಪ, ಸುತ್ತ ಬಲೆ, ನಾಲ್ಕು ದೀಪದ ಕಂಬ.

ನನ್ನ ಲೆಕ್ಕ ಬೇರೆ ಇತ್ತು. ಕಟ್ಟಡಕ್ಕೆ ನಾಲ್ಕು ವರ್ಷ ಏನೂ ಅಲ್ಲ. ಎಂಟು ವರ್ಷದ ಹುಡುಗಿಗೆ ನಾಲ್ಕು ವರ್ಷ ಎಂದರೆ ಹನ್ನೆರಡು. ಆಮೇಲೆ ಬಿಲ್ಡರ್ ಕಟ್ಟುವ ಇಪ್ಪತ್ತು ಮಹಡಿಯ ಮೇಲೆ ಎಂಥ ಕೋರ್ಟ್ ಬಂದರೂ ಆಗ ಅವಳು ಟ್ಯೂಷನ್‌ಗೆ ಓಡುವ ವಯಸ್ಸಿನವಳು. ಸಭೆಯಲ್ಲಿ ಇದನ್ನು ಹೇಳಿದಾಗ ಲೆಕ್ಕಪರಿಶೋಧಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅಕ್ರಿಲಿಕ್ ಬೇಡ, ಬರೀ ತಳ ಸಾಕು’ ಎಂದರು. ಇಡೀ ಯೋಜನೆಗೆ ಸಿಕ್ಕ ಅತ್ಯುತ್ತಮ ಸಲಹೆ ಅದು. ಸಿಕ್ಕಿಸಿ ತೆಗೆಯಬಹುದಾದ ಪ್ಲಾಸ್ಟಿಕ್ ಟೈಲ್ ಹಾಕಿ, ಬಿಲ್ಡರ್ ಬಂದಾಗ ಎತ್ತಿಕೊಂಡು ಹೋಗಿ ಎಂದು ಒಬ್ಬ ವ್ಯಾಪಾರಿ ಹೇಳಿದ್ದ. ಆದರೆ ಅದಕ್ಕೂ ಕೆಳಗೆ ಸಮನಾದ ತಳ ಬೇಕು. ಮಳೆಗಾಲದಲ್ಲಿ ಟೈಲಿನ ಅಡಿ ನೀರು ನಿಂತರೆ ಸೊಳ್ಳೆ, ಸೊಳ್ಳೆ ಇದ್ದರೆ ಡೆಂಗಿ. ಕೊನೆಗೆ ನಯವಾಗಿ ತಿಕ್ಕಿದ ಕಾಂಕ್ರೀಟ್, ಬಣ್ಣದ ಗೆರೆ, ಎತ್ತಿಡಬಹುದಾದ ಕಂಬ, ಇಷ್ಟೇ ಎಂದು ತೀರ್ಮಾನವಾಯಿತು. ಖರ್ಚು ಎರಡು ಲಕ್ಷದೊಳಗೆ, ಮನೆಗೆ ಆರು ಸಾವಿರ. ಛಾವಣಿ ಬೇಡವೇ ಬೇಡ. ಛಾವಣಿ ಹಾಕಿದರೆ ಅದು ಕಟ್ಟಡವಾಗುತ್ತದೆ, ಅನುಮತಿಯ ಕಡತ ಶುರುವಾಗುತ್ತದೆ.

ದಕ್ಷಿಣ ಕನ್ನಡದವನಾದ ನನಗೆ ಅಂಗಳ ಮಾಡುವುದು ಹೊಸ ವಿಷಯವಲ್ಲ. ಪುತ್ತೂರಿನ ಕಡೆ ಮಳೆಗಾಲ ಮುಗಿದ ಮೇಲೆ ಅಡಿಕೆ ಒಣಗಿಸಲು ಅಂಗಳ ಮಾಡುತ್ತೇವೆ. ಮಳೆಗಾಲಕ್ಕೆ ಹಾಸಿದ್ದ ಸೋಗೆ ತೆಗೆದು, ಹುಲ್ಲು ಕೆತ್ತಿ, ಮಣ್ಣು ಹದ ಮಾಡಿ, ಮರದ ಹಲಗೆಯಲ್ಲಿ ಬಡಿದು, ಸೆಗಣಿ ಸಾರಿಸಬೇಕು. ಈಗ ಹೆಚ್ಚಿನ ಮನೆಗಳಲ್ಲಿ ಅದೂ ಕಾಂಕ್ರೀಟೇ. ಏಪ್ರಿಲ್ ಹೊತ್ತಿಗೆ ಅಡಿಕೆ ಒಳಗೆ ಹೋದ ಮೇಲೆ ಅಂಗಳ ಮಕ್ಕಳದು. ಅಡಿಕೆ ಮರದ ಎರಡು ಕಂಬ, ಸುಣ್ಣದ ಗೆರೆ, ಒಂದು ಬಲ್ಬ್. ಆ ಸೀಮೆಯ ‘ಹೊನಲು ಬೆಳಕಿನ ಶಟಲ್ ಪಂದ್ಯಾಟ’ದ ಬೇರುಗಳೆಲ್ಲ ಇಂಥ ಅಂಗಳಗಳಲ್ಲೇ ಇವೆ. ಕ್ರೀಡಾಂಗಣ ಎಂಬ ನಮ್ಮ ದೊಡ್ಡ ಪದದೊಳಗೂ ಇರುವುದು ಈ ಅಂಗಣವೇ ತಾನೆ.

ಅಂಧೇರಿಯಲ್ಲಿ ಅಂಗಳ ಮಾಡಲು ಬಂದ ಮುಕಾದಮರೂ ಕನ್ನಡಿಗರೇ ಎಂಬುದು ಗೊತ್ತಾದದ್ದು ಕೆಲಸದ ಮೊದಲ ದಿನ. ಹಿಂದಿಯಲ್ಲಿ ಮಾತಾಡುತ್ತಿದ್ದವರು, ನಾನು ಮನೆಗೆ ಫೋನು ಮಾಡಿದ್ದನ್ನು ಕೇಳಿ ಹತ್ತಿರ ಬಂದರು.

‘ಯಾವೂರ್ರಿ ಸರ ನಿಮ್ಮದು?’

‘ಪುತ್ತೂರು. ಮಂಗಳೂರು ಹತ್ತಿರ.’

‘ಓ, ಹೋಟೆಲ್ ಮಂದಿ!’

ನಾನು ಸಾಫ್ಟ್‌ವೇರ್ ಎಂದರೂ ಅವರಿಗೆ ಅಷ್ಟಾಗಿ ನಂಬಿಕೆ ಬರಲಿಲ್ಲ. ಮುಂಬೈಯಲ್ಲಿ ಮಂಗಳೂರಿನವರು ಎಂದರೆ ಇಡ್ಲಿ–ವಡೆ ಎಂಬ ಲೆಕ್ಕ ಮೂರು ತಲೆಮಾರಿನದು, ಒಂದು ಎಂ.ಟೆಕ್‌ನಿಂದ ಅದು ಅಳಿಸುವುದಿಲ್ಲ. ಅವರು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯವರು. ಸೋಲಾಪುರ, ವಾಡಿ ಮಾರ್ಗದ ರೈಲು ಹತ್ತಿ ಬಂದು ಹದಿನೆಂಟು ವರ್ಷ. ಕಿತ್ತು ರಾಶಿ ಹಾಕಿದ್ದ ಹಳೆಯ ಹಾಸುಕಲ್ಲನ್ನು ಕಾಲಿನಿಂದ ತಟ್ಟಿ, ‘ಇವು ನಮ್ಮ ಕಡಿ ಕಲ್ಲು ಅದಾವ್ರಿ’ ಎಂದರು. ಹೌದಲ್ಲ! ಮುಂಬೈಯ ಎಷ್ಟು ಅಡುಗೆಕಟ್ಟೆ, ಎಷ್ಟು ಚಾಳಿನ ಓಣಿ, ಎಷ್ಟು ಸೊಸೈಟಿಯ ಹಿತ್ತಲಿಗೆ ಶಹಾಬಾದಿನ ಕಲ್ಲು ಬಂದಿದೆ! ಅದನ್ನು ‘ಲಾದಿ’ ಎಂದು ಕರೆಯುವ ಮುಂಬೈಯವರಿಗೆ ಶಹಾಬಾದ್ ಕರ್ನಾಟಕದ ಊರೆಂದು ಗೊತ್ತಿರುವುದು ಕಡಿಮೆ. ಕಲ್ಲನ್ನು ಕಸದ ಲಾರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಅವರು ಒಡೆಯದ ಕಲ್ಲುಗಳನ್ನು ಆರಿಸಿ, ಕಾಂಪೌಂಡ್ ಗೋಡೆಗುಂಟ ಹಿರಿಯರು ನಡೆಯಲು ಎರಡು ಅಡಿಯ ದಾರಿ ಮಾಡಿಕೊಟ್ಟರು. ಅದಕ್ಕೆ ಬೇರೆ ಹಣ ಕೇಳಲಿಲ್ಲ.

ಕೆಲಸ ಹೇಗಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೋರ್ಟು ಹಾಳಾಗುವುದು ಮೇಲಿನ ಬಣ್ಣದಿಂದಲ್ಲ, ನೀರಿನಿಂದ. ಅಂಧೇರಿಯಲ್ಲಿ ಇದು ಜೀವ ಹೋಗುವಂಥ ವಿಷಯ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಗಿತ್ತು. ನಮ್ಮ ನೆಲಮಹಡಿಯವರು ಅಂದು ಗೋಡೆಯ ಮೇಲೆ ನೀರು ಬಂದ ಮಟ್ಟವನ್ನು ಈಗಲೂ ಕೈಯಿಟ್ಟು ತೋರಿಸುತ್ತಾರೆ. ಹಾಗಾಗಿ ಸಭೆಯ ಒಂದೇ ಒಂದು ಅವಿರೋಧ ನಿರ್ಣಯ ಯಾವುದೆಂದರೆ, ಕೋರ್ಟಿನ ನೀರು ಯಾರ ಮನೆಯ ಕಡೆಗೂ ಹರಿಯಬಾರದು ಎಂಬುದು.

ಬಯಲಿನ ಕೋರ್ಟಿಗೆ ಪ್ರತಿ 10 ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಬೇಕು, ಅದೂ ಒಂದೇ ದಿಕ್ಕಿಗೆ. ನಡುವೆ ಎತ್ತರಿಸಿ ಎರಡೂ ಕಡೆಗೆ ಇಳಿಸಿದರೆ ನೆಟ್ಟಿನ ಎರಡು ಬದಿಯ ಆಟ ಬೇರೆಯಾಗಿಬಿಡುತ್ತದೆ. ನಮ್ಮ 27 ಅಡಿ ಅಗಲಕ್ಕೆ ಎರಡೂಮುಕ್ಕಾಲು ಇಂಚು ಕಟ್ಟಡದ ಕಡೆಯಿಂದ ಗೋಡೆಯ ಕಡೆಗೆ ಇಳಿಯಬೇಕು. ಕಣ್ಣಿಗೆ ಕಾಣದಷ್ಟು ಕಡಿಮೆ, ನೀರಿಗೆ ಮಾತ್ರ ಗೊತ್ತಾಗುವಷ್ಟು. ಮುಕಾದಮರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿ ಇಬ್ಬರು ಹಿಡಿದು, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕುತ್ತ ಹೋದರು. ನನ್ನ ಫೋನಿನಲ್ಲಿರುವ ಲೆವೆಲ್ ಆ್ಯಪ್ ತೋರಿಸಿದೆ. ‘ಇರಲ್ರಿ ಸರ. ನೀರ ಸುಳ್ಳ ಹೇಳಂಗಿಲ್ಲ’ ಎಂದರು.

ಹಳೆಯ ಹಾಸು ತೆಗೆದು, ಕಲ್ಲು–ಜಲ್ಲಿ ಹಾಸಿ, ರೋಲರ್ ಹೊಡೆದು, ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಲೆಕ್ಕಕ್ಕೆ 15 ಘನ ಮೀಟರ್ ಹತ್ತಿರ, ಎಂದರೆ ರೆಡಿಮಿಕ್ಸಿನ ಮೂರು ಲಾರಿ. ಲಾರಿ ಗಲ್ಲಿಯೊಳಗೆ ಬಂತು, ಗೇಟಿನೊಳಗೆ ಬರಲಿಲ್ಲ. ಅಲ್ಲಿಂದ ಹಿತ್ತಲಿಗೆ ಒಂಬತ್ತು ಅಡಿ ಅಗಲದ ಸಂದಿಯಲ್ಲಿ ಕೈಗಾಡಿಗಳ ಓಟ. ನೀರು ಬೆರೆತ ಕಾಂಕ್ರೀಟನ್ನು ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಹನ್ನೊಂದು ಮಂದಿ, ಅವರಲ್ಲಿ ನಾಲ್ವರು ಹೆಂಗಸರು, ಮಾರ್ಚಿನ ಬಿಸಿಲಲ್ಲಿ ಓಡಿದರು. ಮಾವಿನ ಮರದ ಬುಡದಲ್ಲಿ ನಾಲ್ಕು ಅಡಿ ಮಣ್ಣನ್ನು ಹಾಗೇ ಬಿಟ್ಟು, ಇಳಿಜಾರಿನ ತುದಿಯಲ್ಲಿ ಒಂದು ಇಂಗುಗುಂಡಿ ತೋಡಿಸಿದೆವು. ಮರದ ಕೊಂಬೆ ಕಡಿಯಲೂ ವೃಕ್ಷ ಪ್ರಾಧಿಕಾರದ ಅನುಮತಿ ಬೇಕಾದ ಊರು ಇದು. ಅದಿರಲಿ, ಅನುಮತಿ ಸಿಕ್ಕಿದರೂ ಆ ಮರವನ್ನು ಮುಟ್ಟಲು ನೆಲಮಹಡಿಯ ಆಜಿ ಬಿಡುತ್ತಿರಲಿಲ್ಲ. ಅವರೇ ಗೊರಟು ನೆಟ್ಟದ್ದು.

ಸಂಜೆ ತಿಕ್ಕುವ ಯಂತ್ರ ಓಡುತ್ತಿದ್ದಾಗ ಮುಕಾದಮರು ಕಟ್ಟೆಯ ಮೇಲೆ ಕೂತು ನೆಲವನ್ನೇ ನೋಡುತ್ತಿದ್ದರು. ‘ಇಷ್ಟ ಜಾಗಾ ಇದ್ರ ನಮ್ಮೂರಾಗ ಕಣಾ ಮಾಡ್ತಾರ್ರಿ’ ಎಂದರು. ಕಣ ಮಾಡುವ ಕ್ರಮ ಹೇಳಿದರು: ನೀರು ಹೊಡೆದು, ತುಳಿಸಿ, ಸೆಗಣಿ ಸಾರಿಸಿ, ಜೋಳದ ರಾಶಿಗೆ ನೆಲ ಹದ ಮಾಡುವುದು. ನಮ್ಮ ಅಡಿಕೆ ಅಂಗಳದ ಕ್ರಮವೇ, ಬೆಳೆ ಮಾತ್ರ ಬೇರೆ. ಅವರಿಗೆ ಹೊಲ ಇತ್ತಂತೆ, ಈಗ ತಮ್ಮ ನೋಡಿಕೊಳ್ಳುತ್ತಾನೆ. ಕಣ ಉಳಿದಿಲ್ಲ, ಯಂತ್ರ ಬಂದು ಹೊಲದಲ್ಲೇ ರಾಶಿ ಮಾಡಿ ಹೋಗುತ್ತದೆ.

ಆಮೇಲೆ ಕಾಯುವುದು. ಮಣ್ಣಿನ ಸಣ್ಣ ಬದು ಕಟ್ಟಿ, ಬೋರ್‌ವೆಲ್ ನೀರು ನಿಲ್ಲಿಸಿ, ಗೋಣಿ ಹಾಸಿ ನೆನೆಸಬೇಕು. ಕಾಂಕ್ರೀಟಿಗೆ ಪೂರ್ತಿ ಬಲ ಬರುವುದನ್ನು ಇಂಜಿನಿಯರುಗಳು 28 ದಿನಕ್ಕೆ ಲೆಕ್ಕ ಹಾಕುತ್ತಾರೆ. ಅಷ್ಟರೊಳಗೆ ಬಣ್ಣ ಬಳಿದರೆ ಒಳಗಿನ ತೇವ ಅದನ್ನು ಎಬ್ಬಿಸುತ್ತದೆ. ಮಕ್ಕಳ ಪರೀಕ್ಷೆ ಮುಗಿದು, ರಜೆ ಶುರುವಾಗಿ, ಅವರು ದಿನಾ ಬಂದು ಒಣಗಿತೇ ಎಂದು ಕೇಳುವಂತಾಯಿತು. ಮಳೆ ಸಾಮಾನ್ಯವಾಗಿ ಜೂನ್ ಎರಡನೇ ವಾರಕ್ಕೆ ಇಳಿಯುತ್ತದೆ. ಹಾಗಾಗಿ ಇಂಥ ಕೆಲಸ ಮುಂಬೈಯಲ್ಲಿ ಹೋಳಿಯ ಹೊತ್ತಿಗೆ ಶುರುವಾಗದಿದ್ದರೆ ದೀಪಾವಳಿಗೇ ಹೋಯಿತು ಎಂದು ತಿಳಿಯಿರಿ. ಇನ್ನೊಂದು: ಬಯಲಿನ ಕೋರ್ಟು ಉತ್ತರ–ದಕ್ಷಿಣಕ್ಕಿರಬೇಕು, ಇಲ್ಲದಿದ್ದರೆ ಬೆಳಗ್ಗೆ–ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂಬುದು ನಿಯಮ. ನಮ್ಮದು ಪೂರ್ವ–ಪಶ್ಚಿಮ. ಆದರೆ ಎರಡೂ ಕಡೆ ಏಳು ಮಹಡಿಯ ಕಟ್ಟಡಗಳಿರುವಾಗ ಸೂರ್ಯನಿಗೇ ದಾರಿ ಇಲ್ಲ. ಗಾಳಿಗೂ ಅಷ್ಟೇ. ಬಯಲಲ್ಲಿ ಶಟಲ್ ಆಡಲು ಅಡ್ಡಿಯಾಗುವುದು ಗಾಳಿ. ಅದಕ್ಕೆಂದೇ ವಿಶ್ವ ಬ್ಯಾಡ್ಮಿಂಟನ್ ಫೆಡರೇಶನ್ 2019ರಲ್ಲಿ ‘ಏರ್‌ಬ್ಯಾಡ್ಮಿಂಟನ್’ ಎಂದು ಬೇರೆ ಆಟವನ್ನೂ ಬೇರೆ ಶಟಲನ್ನೂ ತಂದಿತು. ಇಕ್ಕಟ್ಟಿನಿಂದ ನಮಗೆ ಲಾಭವೇ ಆಯಿತು.

ಗೆರೆ ಎಳೆಯುವ ದಿನ ನಿಜವಾದ ಜಗಳ ಬಂತು. ನಮಗೆ, ಎಂದರೆ ಮೂವತ್ತು ದಾಟಿದವರಿಗೆ, ಶಟಲ್. ಕಾಲೇಜಿನ ಹುಡುಗರಿಗೆ ಪಿಕಲ್‌ಬಾಲ್. ಅಂಧೇರಿಯಲ್ಲಿ ಈಗ ಯಾವ ಖಾಲಿ ಟೆರೇಸ್ ನೋಡಿದರೂ ಪಿಕಲ್‌ಬಾಲ್. ತಮಾಷೆ ಎಂದರೆ ಈ ಆಟ ಹುಟ್ಟಿದ್ದೇ ಒಂದು ಮನೆಯ ಹಿತ್ತಲಿನ ಶಟಲ್ ಕೋರ್ಟಿನಲ್ಲಿ. 1965ರ ಬೇಸಿಗೆಯಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ, ಜೋಯೆಲ್ ಪ್ರಿಚರ್ಡ್ ಎಂಬವರ ಮನೆಯಲ್ಲಿ ಬೇಸರದಿಂದ ಕೂತ ಮಕ್ಕಳಿಗೆ ಶಟಲ್ ಸಾಮಾನು ಸಿಗಲಿಲ್ಲ. ದೊಡ್ಡವರು ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಕೊಟ್ಟರು, ನೆಟ್ಟನ್ನು ಕೆಳಗಿಳಿಸಿದರು. ಹಾಗಾಗಿ ಇವತ್ತಿಗೂ ಅದರ ಅಳತೆ 44 ಅಡಿಗೆ 20 ಅಡಿ. ಭಾರತದಲ್ಲಿ ಸುನಿಲ್ ವಾಲವಲ್ಕರ್ ಅವರು ಇದನ್ನು ಬೆಳೆಸಿದ್ದೂ ಮುಂಬೈಯಿಂದಲೇ, ಅಖಿಲ ಭಾರತ ಪಿಕಲ್‌ಬಾಲ್ ಸಂಸ್ಥೆ ಹುಟ್ಟಿದ್ದು 2008ರಲ್ಲಿ. ಹೊರಗಿನ ಗೆರೆ ಎರಡಕ್ಕೂ ಒಂದೇ, ಒಳಗೆ ಮಾತ್ರ ವ್ಯತ್ಯಾಸ. ಶಟಲಿನ ಮುಂದಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿ, ಪಿಕಲ್‌ಬಾಲಿನವರು ‘ಕಿಚನ್’ ಎನ್ನುವ ಪಟ್ಟಿಯ ಗೆರೆ ಏಳು ಅಡಿ. ಅರ್ಧ ಅಡಿ ಅಂತರದಲ್ಲಿ ಬಿಳಿ ಒಂದು, ಹಳದಿ ಒಂದು ಎಳೆಸಿದೆವು.

ಗೆರೆ ಸುಲಭ, ಸದ್ದು ಕಷ್ಟ. ಆಜಿಯ ಮಲಗುವ ಕೋಣೆಯ ಕಿಟಕಿ ಕೋರ್ಟಿನಿಂದ ಆರು ಅಡಿ ದೂರ. ಶಟಲ್ ಬಿದ್ದರೆ ಅವರಿಗೆ ಕೇಳುವುದೇ ಇಲ್ಲ. ಗಟ್ಟಿ ಬ್ಯಾಟಿಗೆ ಪ್ಲಾಸ್ಟಿಕ್ ಚೆಂಡು ತಾಗುವ ಟಕ್ ಟಕ್ ಸದ್ದು ಮೂರು ಗೋಡೆಗಳ ನಡುವೆ ಹೊರಳಿ ಒಳಗೆ ಬರುತ್ತದೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನನ್ನ ಫೋನಿನ ಆ್ಯಪ್ ಅವರ ಕಿಟಕಿಯಲ್ಲಿ 70ರ ಆಸುಪಾಸು ತೋರಿಸಿತು. ನ್ಯಾಯಾಲಯದಲ್ಲಿ ನಿಲ್ಲುವ ಅಳತೆ ಅಲ್ಲ ಅದು, ಆದರೆ ಆ ಕೋಣೆಯಲ್ಲಿ ಹತ್ತು ನಿಮಿಷ ಕೂತವರಿಗೆ ಆ್ಯಪ್ ಬೇಕಾಗಿಲ್ಲ. ಹುಡುಗರ ನಾಯಕನನ್ನು ಆಜಿಯೇ ಕರೆದು ಆ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಹೊರಗೆ ಆಟ ನಡೆಯುತ್ತಿತ್ತು. ಚಹಾ ಮುಗಿಯುವ ಹೊತ್ತಿಗೆ ಪಿಕಲ್‌ಬಾಲ್ ಶನಿವಾರ, ಭಾನುವಾರ ಸಂಜೆ ಐದರಿಂದ ಏಳು ಮಾತ್ರ ಎಂದು ಅವನೇ ಹೇಳಿದ.

ಅಲ್ಲಿಂದ ಮುಂದೆ ಎಲ್ಲವೂ ವೇಳಾಪಟ್ಟಿಯ ಪ್ರಶ್ನೆ. ಕಂಪ್ಯೂಟರಿನವನು ಎಂದು ಅದನ್ನು ನನಗೆ ಒಪ್ಪಿಸಿದರು. ಒಂದು ಸಂಪನ್ಮೂಲ, ಹತ್ತಾರು ಬೇಡಿಕೆ, ಯಾರೂ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳಬಾರದು. ಆಪರೇಟಿಂಗ್ ಸಿಸ್ಟಮ್ಸ್ ಪಾಠದಲ್ಲಿ ಓದಿದ್ದೇ. ಅಲ್ಲಿ ಮಾತ್ರ ಗಣಪತಿ ಕೂರಿಸುವುದು, ನವರಾತ್ರಿಯ ಗರ್ಬಾ, ಉಪ್ಪಿನಕಾಯಿ ಮಾವು ಒಣಗಿಸುವುದು, ಟ್ಯಾಂಕ್ ತೊಳೆಯುವವರು ಬರುವುದು ಇರಲಿಲ್ಲ. ಬೆಳಗ್ಗೆ ಆರೂವರೆಯಿಂದ ಎಂಟೂವರೆ ದೊಡ್ಡವರಿಗೆ. ಮಧ್ಯಾಹ್ನ ಆಟವಿಲ್ಲ. ಐದರಿಂದ ಏಳು ಮಕ್ಕಳಿಗೆ, ವಾರಾಂತ್ಯದಲ್ಲಿ ಪಿಕಲ್‌ಬಾಲಿಗೆ ಜಾಗ ಬಿಟ್ಟು. ಒಂಬತ್ತಕ್ಕೆ ದೀಪ ಬಂದ್.

ಆಟದ ಜಾಗವನ್ನು ಇನ್ನೊಂದಕ್ಕೆ ಬಿಟ್ಟುಕೊಡಬೇಕಾಗುವುದು ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆಗಳು ನಡೆಯುತ್ತಿದ್ದವು. ಮದುವೆ ಇಲ್ಲದ ದಿನ ಅದೇ ಶಟಲ್ ಕೋರ್ಟ್. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ರಮೇಶ್ ಪಡುಕೋಣೆ ಅವರ ಮಗ ಪ್ರಕಾಶ್ ಆಟ ಕಲಿತದ್ದು ಅಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿದ ಆಟಗಾರನ ಬಾಲ್ಯದ ಅಭ್ಯಾಸ ನಿಂತಿದ್ದುದು ಊರಿನ ಮದುವೆ ಮುಹೂರ್ತಗಳ ಮೇಲೆ. ಸಭೆಯಲ್ಲಿ ಗರ್ಬಾದ ಒಂಬತ್ತು ದಿನಕ್ಕೆ ಹುಡುಗರು ತಕರಾರು ತೆಗೆದಾಗ ನಾನು ಇದನ್ನು ಹೇಳಿದೆ. ಹುಡುಗರಿಗೆ ಗೊತ್ತಿದ್ದ ಪಡುಕೋಣೆ ಬೇರೆಯವರು.

ಎಲ್ಲಕ್ಕಿಂತ ಉದ್ದದ ಚರ್ಚೆ ನಡೆದದ್ದು ನಿಯಮದ ಒಂದು ಪದದ ಮೇಲೆ. ಕರಡಿನಲ್ಲಿ ‘ಸದಸ್ಯರು ಮತ್ತು ಅವರ ಅತಿಥಿಗಳು ಮಾತ್ರ ಆಡಬಹುದು’ ಎಂದಿತ್ತು. ಪಂಪ್ ರೂಮಿನ ಪಕ್ಕದ ಕೋಣೆಯಲ್ಲಿರುವ ವಾಚ್‌ಮನ್ ಮಗ ಏಳನೇ ತರಗತಿ, ಮಹಾನಗರಪಾಲಿಕೆ ಶಾಲೆ. ಕಾಂಕ್ರೀಟಿಗೆ 28 ದಿನ ಬೆಳಗ್ಗೆ–ಸಂಜೆ ನೀರು ಹಾಕಿದವನು ಅವನು. ಗೆರೆ ಒಣಗಿದ ಮೊದಲ ವಾರದಲ್ಲೇ ನಮ್ಮ ಮಕ್ಕಳನ್ನೆಲ್ಲ ಸೋಲಿಸಿದವನೂ ಅವನೇ. ಅದೂ ನನ್ನ ಮಗಳ ಹಳೆಯ ರಾಕೆಟಿನಲ್ಲಿ. ‘ಸದಸ್ಯರು’ ಎಂಬುದನ್ನು ‘ಆವರಣದಲ್ಲಿ ವಾಸಿಸುವವರು’ ಎಂದು ಬದಲಿಸೋಣ ಎಂದೆ. ಬಾಡಿಗೆದಾರರೂ ಆಡುತ್ತಾರಲ್ಲ ಎಂದರು ಒಬ್ಬರು. ಆಡಲಿ ಎಂದೆ. ನಾಳೆ ಕೆಲಸದವರ ಮಕ್ಕಳೆಲ್ಲ ಬರುತ್ತಾರೆ ಎಂದರು ಇನ್ನೊಬ್ಬರು. ಸುತ್ತಿ ಬಳಸಿ ಮಾತಾಡಿದವರಿಗಿಂತ ಅವರು ವಾಸಿ, ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ನಲವತ್ತು ನಿಮಿಷದ ನಂತರ ಕೈ ಎತ್ತಿಸಿದರು. ಪರವಾಗಿ 14, ವಿರೋಧವಾಗಿ 11. ಲೆಕ್ಕಪರಿಶೋಧಕರು ಪರವಾಗಿ ಎತ್ತಿದರು, ಆಜಿಯೂ ಎತ್ತಿದರು. ನಾಲ್ಕನೇ ಮಹಡಿಯ ಎರಡು ಮನೆಯವರು ಅಂದಿನಿಂದ ಮಕ್ಕಳನ್ನು ಐದರಿಂದ ಏಳಕ್ಕೆ ಕೆಳಗೆ ಕಳಿಸುವುದಿಲ್ಲ. ಏಳರ ಮೇಲೆ ಕಳಿಸುತ್ತಾರೆ. ಹುಡುಗ ಆಗ ಅಪ್ಪನಿಗೆ ಊಟ ಕೊಡಲು ಗೇಟಿಗೆ ಹೋಗಿರುತ್ತಾನೆ.

ಮಳೆಗಾಲದಲ್ಲಿ ನೀರು ಪೈಪು ಹೇಳಿದ ದಿಕ್ಕಿಗೇ ಹರಿಯಿತು. ಹಾವಸೆ ಬಂತು, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದೆವು. ಮುಕಾದಮರು ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಬಂದು, ಚಪ್ಪಲಿ ಬಿಟ್ಟು ನೆಲದ ಮೇಲೆ ನಡೆದು, ಒಂದು ಮೂಲೆಯಲ್ಲಿ ಕೂದಲೆಳೆಯ ಬಿರುಕು ತೋರಿಸಿ, ‘ಇದು ಬೆಳ್ಯಂಗಿಲ್ರಿ’ ಎಂದು ಹೇಳಿ ಹೋದರು. ಈಗಿನವರೆಗೆ ಬೆಳೆದಿಲ್ಲ.

ಬಿಲ್ಡರುಗಳು ಬರಲು ಶುರು ಮಾಡಿದ್ದಾರೆ. ಮೊದಲನೆಯವರ ಹೊಳಪಿನ ಪುಸ್ತಕದಲ್ಲಿ ಎಂಟನೇ ಮಹಡಿಯ ಎತ್ತರದಲ್ಲಿ, ಕಾರು ನಿಲ್ಲಿಸುವ ಅಂತಸ್ತುಗಳ ನೆತ್ತಿಯ ಮೇಲೆ, ನೀಲಿ ಬಣ್ಣದ ಕೋರ್ಟಿನ ಚಿತ್ರ ಇದೆ. ನಿಯಮ ಹೇಳುವ ಕನಿಷ್ಠ ಆಟದ ಜಾಗ ನೆಲದ ಮೇಲೇ ಇರಬೇಕು, ಪೋಡಿಯಮ್ಮಿನ ಮೇಲಲ್ಲ ಎಂದು 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮುಂಬೈಯದೇ ಕೊಹಿನೂರ್ ಪ್ರಕರಣದಲ್ಲಿ ಹೇಳಿದೆ. ನೀಲಿ ನಕ್ಷೆಯ ಪ್ರತಿಗಳನ್ನು ಮಾಡಿಸಿ, ಆ ತೀರ್ಪಿನ ಜೊತೆ ಎಲ್ಲ 32 ಮನೆಗೂ ಹಂಚಿದ್ದೇನೆ. 210 ಚದರ ಮೀಟರ್ ಎಲ್ಲಿ ಎಂದು ಕೇಳುವುದು ಮೊದಲ ಪ್ರಶ್ನೆಯಾಗಲಿ ಎಂದು ಆಜಿ ಹೇಳಿದ್ದಾರೆ, ಮಾವಿನ ಮರ ಎರಡನೆಯದು.

ಆ ಬಿಲ್ಡರ್ ಜೊತೆಗಿನ ಸಭೆ ಬರುವ ಭಾನುವಾರ. ಸೊಸೈಟಿಗೆ ಸಭಾಂಗಣ ಇಲ್ಲದ ಕಾರಣ ಕೋರ್ಟಿನ ಮೇಲೆಯೇ ಕುರ್ಚಿ ಹಾಕುತ್ತೇವೆ. ನಾಲ್ಕಕ್ಕೆ ಶುರು, ಐದಕ್ಕೆ ಕುರ್ಚಿ ತೆಗೆಯಬೇಕು ಎಂದು ವೇಳಾಪಟ್ಟಿಯಲ್ಲಿ ಬರೆದು ಗೇಟಿನ ಹತ್ತಿರ ಅಂಟಿಸಿದ್ದೇನೆ.